ಹನ್ನಾ ಹೊನ್ನಮ್ಮನಾದದ್ದು

‘ಗೊತ್ತಿಲ್ಲ’ ಎನ್ನುವ ಒಂದು ಪದ ಬಿಟ್ಟರೆ ಕನ್ನಡದ ಉಳಿದೆಲ್ಲ ಪದಗಳೂ ನನಗೆ ಗೊತ್ತು ಎಂದು ನಾನು ಬಹುಕಾಲ ನಂಬಿದ್ದೆ. ಕಡಬದ ಶಾಲೆಗೆ ಕನ್ನಡ ಪಂಡಿತನಾಗಿ ಬಂದ ಹೊಸತರಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರು ತಮ್ಮ ಊರಿನ ಹೆಸರು ಹೇಳಿದರೆ ಸಾಕು, ಪುತ್ತೂರು ಮುಟ್ಟುವುದರೊಳಗೆ ಅದರ ಹುಟ್ಟನ್ನೆಲ್ಲ ವಿವರಿಸಿ ಮುಗಿಸುತ್ತಿದ್ದೆ. ಮರ್ಕಂಜದವರೊಬ್ಬರು ಅರ್ಧ ದಾರಿಯಲ್ಲೇ ಎದ್ದು ಹಿಂದಿನ ಸೀಟಿಗೆ ಹೋದರು. ಅವರಿಗೆ ಗಾಳಿ ಬೇಕಾಗಿತ್ತೆಂದೇ ನಾನು ತಿಳಿದಿದ್ದೆ.

ಆಗ ತಿರುವಾಂಕೂರಿನ ಕಡೆಯಿಂದ ಕ್ರೈಸ್ತ ಕುಟುಂಬಗಳು ಬಂದು ನಮ್ಮ ಸುತ್ತಿನ ಗುಡ್ಡಗಳಲ್ಲಿ ರಬ್ಬರ್ ಇಡತೊಡಗಿದ್ದವು. ಅಂಥವರಲ್ಲಿ ಒಬ್ಬರು ಮತ್ತಾಯಿ. ಊರಿಗೆಲ್ಲ ಮತ್ತಾಯಿ ಚೇಟ, ಅಂದರೆ ಅಣ್ಣ. ಒಂದು ದಿನ ಎಂಟು ವರ್ಷದ ಮಗಳ ಕೈ ಹಿಡಿದುಕೊಂಡು ಒಂದನೆಯ ತರಗತಿಗೆ ಸೇರಿಸಲು ಬಂದರು. ಹೆಡ್ಮಾಸ್ಟರು ರಜೆಯಲ್ಲಿದ್ದರು. ದಾಖಲಾತಿ ಪುಸ್ತಕ ನನ್ನ ಮುಂದಿತ್ತು.

“ಹುಡುಗಿಯ ಹೆಸರು ಎಂತ?”

“ಹನ್ನಾ,” ಎಂದರು ಮತ್ತಾಯಿ.

ಮಲೆಯಾಳದ ‘ಪ’ ಇದ್ದಲ್ಲಿ ಕನ್ನಡದಲ್ಲಿ ‘ಹ’ ಎಂಬುದು ನನಗೆ ಬಲು ಪ್ರಿಯವಾದ ನಿಯಮ. ಅವರ ಪಾಲು ನಮ್ಮ ಹಾಲು, ಅವರ ಪೂವು ನಮ್ಮ ಹೂವು, ಅವರ ಪೊನ್ನು ನಮ್ಮ ಹೊನ್ನು. ಪೊನ್ನಮ್ಮ ಎಂಬ ಹೆಸರಂತೂ ಅವರಲ್ಲಿ ಧಾರಾಳ. ಪಾಪ, ಈ ಮನುಷ್ಯ ಕನ್ನಡದ ಸೀಮೆಗೆ ಬಂದೆನೆಂದು ಮಗಳ ‘ಪ’ವನ್ನು ‘ಹ’ ಮಾಡಿಕೊಂಡು ಬಂದಿದ್ದಾರೆ, ಒಕಾರವನ್ನೂ ಕೊನೆಯ ‘ಮ್ಮ’ವನ್ನೂ ಮಾತ್ರ ನುಂಗಿದ್ದಾರೆ ಎಂದು ನನಗೆ ಮನಸ್ಸು ತುಂಬಿ ಬಂತು. ದಪ್ಪ ಅಕ್ಷರದಲ್ಲಿ ‘ಹೊನ್ನಮ್ಮ’ ಎಂದು ಬರೆದೆ. ಕನ್ನಡ ಓದಲು ಬಾರದ ಮತ್ತಾಯಿ ಬಗ್ಗಿ ನೋಡಿ, “ಅಕ್ಷರ ಚೆಂದ ಉಂಟು ಮಾಷೇ,” ಎಂದರು. ಹುಡುಗಿ ಮಾತ್ರ ನಾನು ಹಾಜರಿ ಕರೆದಾಗಲೆಲ್ಲ, “ಹನ್ನಾ, ಸಾರ್,” ಎಂದೇ ಎದ್ದು ನಿಲ್ಲುತ್ತಿದ್ದಳು. ಅವಳ ಉಚ್ಚಾರ ತಿದ್ದುವ ನನ್ನ ಪ್ರಯತ್ನ ಎಂಟು ವರ್ಷ ನಡೆಯಿತು.

ಎಂಟನೆಯ ತರಗತಿ ಮುಗಿಸಿ ಅವಳು ಮಂಗಳೂರಿನಲ್ಲಿ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿದಳು. ಸೀಟೂ ಸಿಕ್ಕಿತು. ಆಮೇಲೆ ಒಂದು ಕಾಗದ ಬಂತು. ಇಗರ್ಜಿಯ ದೀಕ್ಷಾಸ್ನಾನದ ಪತ್ರದಲ್ಲಿರುವ ಹನ್ನಾ ಯಾರು, ಶಾಲೆಯ ಪತ್ರದಲ್ಲಿರುವ ಹೊನ್ನಮ್ಮ ಯಾರು, ಇಬ್ಬರಲ್ಲಿ ತರಬೇತಿಗೆ ಬರುವವರು ಯಾರು? ವಾರದೊಳಗೆ ಸರಿಪಡಿಸದಿದ್ದರೆ ಸೀಟು ಬೇರೆಯವರಿಗೆ. ಕಾಗದ ಹಿಡಿದುಕೊಂಡು ಅಪ್ಪ, ಮಗಳು ನನ್ನ ಮನೆಗೆ ಬಂದರು. ಅವಳು ಅತ್ತಿದ್ದರೆ ಸಮಾಧಾನವಾದರೂ ಹೇಳಬಹುದಿತ್ತು. ಅವಳು ಅಳಲಿಲ್ಲ, ನನ್ನನ್ನೇ ನೋಡುತ್ತಾ ನಿಂತಳು.

ಮರುದಿನ ನಾನೂ ಮತ್ತಾಯಿಯೂ ಪುತ್ತೂರಿನ ಶಿಕ್ಷಣ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತರು ಒಂದು ಹಾಳೆ ಮುಂದಿಟ್ಟು, “ಹೇಳಿದವರ ತಪ್ಪಾ, ಬರೆದವರ ತಪ್ಪಾ? ಒಂದು ಬರೆದು ಕೊಡಿ, ಇವತ್ತೇ ತಿದ್ದುವ. ಬರೆದವರದ್ದಾದರೆ ಅವರ ಸರ್ವಿಸ್ ಪುಸ್ತಕದಲ್ಲಿ ಬೀಳ್ತದೆ, ಅಷ್ಟೆ,” ಎಂದರು.

ಆ ವರ್ಷ ನನ್ನ ಬಡ್ತಿಯ ಮಾತು ನಡೆಯುತ್ತಿತ್ತು. ಪೆನ್ನು ಹಿಡಿದವನು ಹಿಡಿದೇ ಇದ್ದೆ. ಮತ್ತಾಯಿ ನನ್ನ ಮುಖ ನೋಡಿದರು, ಹಾಳೆ ನೋಡಿದರು.

“ನಾನೇ ತಪ್ಪು ಹೇಳಿದ್ದು ಅಂತ ಬರೀರಿ ಮಾಷೇ. ನನಗೆ ಸರ್ವಿಸ್ ಪುಸ್ತಕ ಇಲ್ಲ. ರಬ್ಬರ್ ಮರ ಎಂತದೂ ಕೇಳುದಿಲ್ಲ.”

ಬೇಡ ಎನ್ನಬೇಕಿತ್ತು. ನಾನೇ ಬರೆದೆ, ಈ ಸಲವೂ ಚೆಂದದ ಅಕ್ಷರದಲ್ಲಿ. ಮತ್ತಾಯಿ ಕೆಳಗೆ ಮಲೆಯಾಳದಲ್ಲಿ ಸಹಿ ಹಾಕಿದರು. ನನಗೆ ನಾಚಿಕೆಯಾಯಿತು. ಆದರೂ ಹಾಳೆಯನ್ನು ಹರಿದು ಹಾಕುವಷ್ಟು ಆಗಲಿಲ್ಲ.

ಹೊರಗೆ ಬಂದು, “ಇದಕ್ಕೆ ಬದಲು ನಾನೆಂತ ಮಾಡುದು ಚೇಟ?” ಎಂದೆ.

“ಎಂತದೂ ಬೇಡ ಮಾಷೇ. ಧರ್ಮಕ್ಕೆ!” ಎಂದು ಅವರು ನಕ್ಕರು.

ನಮ್ಮ ಕಡೆ ಕೈಯಿಂದ ಏನೂ ಬಿಚ್ಚದೆ ಸಿಕ್ಕಿದ್ದೆಲ್ಲ ಧರ್ಮಕ್ಕೆ ಸಿಕ್ಕಿದ್ದು. ನೆರೆಮನೆಯ ಬಾಳೆಹಣ್ಣು ಧರ್ಮಕ್ಕೆ, ಬಸ್ಸಿನಲ್ಲಿ ಕಾಲು ತುಳಿದಾಗ ಸಿಗುವ ಬೈಗುಳವೂ ಧರ್ಮಕ್ಕೆ. ಹೊಸಬರಾದ ಮತ್ತಾಯಿ ನಮ್ಮಿಂದಲೇ ಕಲಿತ ಮಾತದು. ಅದನ್ನು ಅವರ ಬಾಯಲ್ಲಿ ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಇಷ್ಟೆಲ್ಲ ಮಾಡಿಸಿದ ಆ ಹೆಸರಿನ ಅರ್ಥವಾದರೂ ಏನು?

ಇಗರ್ಜಿಯ ಪಾದ್ರಿಗಳ ಬಳಿ ಹೋಗಿ, “ಹನ್ನಾ ಎಂದರೆ ಎಂತ? ನನಗೆ ಗೊತ್ತಿಲ್ಲ,” ಎಂದೆ. ಆ ಪದ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿ ನೋಡಿದರೆ ಅಂಥ ಕಷ್ಟದ್ದೇನೂ ಅಲ್ಲ.

ಹೆಸರು ಹೀಬ್ರೂ ಭಾಷೆಯದು, ‘ಹೇನ್’ ಎಂಬುದರ ಬಳಗ ಎಂದರು ಪಾದ್ರಿಗಳು. ಯೋಗ್ಯತೆ ನೋಡದೆ ದೇವರು ತೋರಿಸುವ ಪ್ರೀತಿ.

“ಕೃಪೆ,” ಎಂದು ನಾನು ತಕ್ಷಣ ಕನ್ನಡಿಸಿದೆ. ಹಳೆಯ ಚಟ.

“ಹೌದು. ಆದರೆ ಅದೇ ಬೇರಿನಿಂದ ಹಿನ್ನಾಮ್ ಅಂತ ಇನ್ನೊಂದು ಮಾತು ಉಂಟು. ದೇವರದ್ದಲ್ಲ, ಪೇಟೆಯದ್ದು. ದುಡ್ಡಿಲ್ಲದೆ ಸಿಗುದಕ್ಕೆ ಹೇಳುದು. ಅದಕ್ಕೆ ನಿಮ್ಮಲ್ಲಿ ಎಂತ ಹೇಳ್ತೀರಿ?”

ಉಚಿತ, ಪುಕ್ಕಟೆ, ಬಿಟ್ಟಿ ಎಲ್ಲ ನಾಲಿಗೆಯ ತುದಿಯಲ್ಲಿದ್ದವು. ನಾನು ಹೇಳಿದ್ದು, “ಧರ್ಮಕ್ಕೆ.”

ಎಲ್ಲಿಯ ಹೀಬ್ರೂ, ಎಲ್ಲಿಯ ಕಡಬ! ದೇವರ ದೊಡ್ಡಸ್ತಿಕೆಯನ್ನೂ ಪೇಟೆಯ ಪುಕ್ಕಟೆಯನ್ನೂ ಒಂದೇ ಮನೆಯಲ್ಲಿ ಇಡಬೇಕೆಂದು ಎರಡೂ ಕಡೆಯ ಜನಕ್ಕೆ ಹೇಗೆ ತೋಚಿತೋ. ಜೀನಸು ಅಂಗಡಿಯ ಮೋನು ಬ್ಯಾರಿಯವರಿಗೆ ಇದನ್ನು ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಹನ್ನಾನ್ ಅಂತ ಅರಬಿಯಲ್ಲಿ ನಾವೂ ದೇವರನ್ನು ಕರೆಯುದು ಮಾಷ್ಟ್ರೆ. ಕರುಣೆ ಇರುವವ ಅಂತ,” ಎಂದರು. ನಮ್ಮ ‘ಪ್ರಸಾದ’ವೂ ಹೀಗೆಯೇ, ಮೂಲದಲ್ಲಿ ತಿಳಿಯಾಗುವುದು, ಪ್ರಸನ್ನವಾಗುವುದು. ನಾವು ಬಾಳೆಲೆ ಬಿಚ್ಚಿ, ಪಕ್ಕದವರಿಗೆ ಹೆಚ್ಚು ಸಿಕ್ಕಿತೋ ಎಂದು ನೋಡುತ್ತೇವೆ. ಊರಿಗೆಲ್ಲ ಗೊತ್ತಿದ್ದ ಪದ ಗೊತ್ತಿಲ್ಲದೆ ಇದ್ದವನು ನಾನೊಬ್ಬನೇ, ಪಂಡಿತ.

ಬಡ್ತಿ ಬಂತು. ಮತ್ತಾಯಿ ಎದುರು ಸಿಕ್ಕಾಗಲೆಲ್ಲ ಮೊದಲಿನಂತೆಯೇ ಮಾತಾಡಿಸುತ್ತಿದ್ದರು. ನನಗೆ ಮಾತ್ರ ಅವರ ಮುಖ ನೋಡಿ ಮಾತಾಡಲು ಆಗುತ್ತಿರಲಿಲ್ಲ.

ಮೊನ್ನೆ ಅಂಗಳದ ಪಾಚಿಯಲ್ಲಿ ಜಾರಿ ಕೈ ಉಳುಕಿಸಿಕೊಂಡು ಪುತ್ತೂರಿನ ಧರ್ಮಾಸ್ಪತ್ರೆಗೆ ಹೋದೆ. ಚೀಟಿ ಬರೆಯಲು ಬಂದ ಬಿಳಿ ಸೀರೆಯ ನರ್ಸನ್ನು ನೋಡಿ ಎದ್ದು ನಿಂತೆ. ಹನ್ನಾ!

“ಹೆಸರು ಸರಿಯಾಗಿ ಹೇಳಿ ಮಾಷೇ. ಇಲ್ಲಿ ಕೇಳಿದ್ದನ್ನೇ ಬರೆಯುದು,” ಎಂದಳು, ನಗು ತಡೆದುಕೊಂಡು.

ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ಅವಳು ಕೈಗೆ ಪಟ್ಟಿ ಸುತ್ತುತ್ತಿದ್ದಾಗ ಮನಸ್ಸು ತಡೆಯಲಿಲ್ಲ. “ಆ ತಪ್ಪು ನನ್ನದೇ ಹನ್ನಾ. ನಿನ್ನ ಅಪ್ಪನದ್ದಲ್ಲ. ಅವರ ತಲೆಯ ಮೇಲೆ ಹಾಕಿದೆ.”

“ಗೊತ್ತುಂಟು. ಎಂಟು ವರ್ಷ ಹಾಜರಿ ಕರೆದದ್ದು ನೀವಲ್ವಾ?”

“ಅದಕ್ಕೆ ನಾನು ಈಗ ಎಂತ ಮಾಡ್ಬೇಕು, ಹೇಳು.”

ಅವಳು ಪಟ್ಟಿಯ ತುದಿ ಕಟ್ಟಿ, ಬಿಗಿಯಾಯಿತೋ ಎಂದು ಬೆರಳಿನಿಂದ ಒತ್ತಿ ನೋಡಿದಳು.

“ಇದು ಧರ್ಮಾಸ್ಪತ್ರೆ ಮಾಷೇ,” ಎಂದು ನನ್ನ ಹಿಂದೆ ನಿಂತವರ ಹೆಸರು ಕೇಳಿದಳು.