ತೊಳೆಯಬಾರದಿದ್ದ ಔಷಧ

ನಮ್ಮ ನಾಯಿಯ ಎಡಗಣ್ಣಿನ ಮೇಲೆ ಎಂಟಾಣೆ ಅಗಲದಷ್ಟು ಕೂದಲು ಉದುರಿದ್ದನ್ನು ಮೊದಲು ಕಂಡವಳು ಅವ್ವ. ನಾನು ಹೈದರಾಬಾದಿನ ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಬೆಳಿಗ್ಗೆ ಏಳಕ್ಕೆ ಮೊದಲ ಕ್ಲಾಸು, ಸಂಜೆ ಏಳಕ್ಕೆ ಕೊನೆಯದು. ನಾಯಿಯ ಮುಖ ನೋಡುವಷ್ಟು ಪುರುಸೊತ್ತು ನನಗಿಲ್ಲವೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಅವ್ವ ಎರಡು ಸಲ ಹೇಳಿದಳು. ನಾನು ಎರಡು ಸಲವೂ ನೋಡೋಣ ಎಂದೆ. ಮೂರನೆಯ ಸಲ ಅವಳು ನಾಯಿಯನ್ನೇ ಎತ್ತಿ ನನ್ನ ಉತ್ತರಪತ್ರಿಕೆಗಳ ಮೇಲೆ ತಂದು ಕೂರಿಸಿದಳು.

"ನೋಡು. ಈಗರ ನೋಡು. ಕಾಲಿಗೂ ಹಬ್ಬೇತಿ."

ಅವ್ವ ಬಾಗಲಕೋಟೆ ಕಡೆಯವಳು. ಅಪ್ಪ ತೀರಿಕೊಂಡ ಮೇಲೆ ನನ್ನ ಜೊತೆ ಇರಲು ಹೈದರಾಬಾದಿಗೆ ಬಂದಳು. ಆರು ವರ್ಷವಾದರೂ ಅವಳಿಗೆ ತೆಲುಗು ಹತ್ತಲಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ಬಂದ ಮೊದಲ ವರ್ಷವೇ ಓಣಿಯ ಕೊನೆಯ ನೀರಿನ ಟ್ಯಾಂಕಿನ ಕೆಳಗಿಂದ ಒಂದು ಕಂದು ಬಣ್ಣದ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ನಾನು ಇಟ್ಟ ಹೆಸರಿನಿಂದ ಅವಳು ಅದನ್ನು ಒಂದು ದಿನವೂ ಕರೆಯಲಿಲ್ಲ. ಅವಳಿಗೆ ಅದು ಕೂಸು. ಇಡೀ ಓಣಿಯಲ್ಲಿ ಅವಳ ಮಾತು ತಿಳಿಯುತ್ತಿದ್ದದ್ದು ನಮ್ಮಿಬ್ಬರಿಗೆ, ನನಗೆ ಮತ್ತು ನಾಯಿಗೆ. ಇಬ್ಬರಲ್ಲಿ, ಕೂತು ಕೇಳುತ್ತಿದ್ದದ್ದು ನಾಯಿ.

ಮನೆಯ ಹೊರಗೆ ಅವಳ ಬಾಯಿ ಮತ್ತು ಕಿವಿ ನಾನೇ. ತರಕಾರಿಯವನು, ಮನೆ ಮಾಲಕಿ, ಬ್ಯಾಂಕಿನವರು, ಯಾರು ಏನೇ ಹೇಳಿದರೂ ನಾನು ಕೇಳಿಸಿಕೊಂಡು ಅವಳಿಗೆ ಕನ್ನಡದಲ್ಲಿ ಹೇಳಬೇಕು. ಕ್ಲಾಸಿನಲ್ಲಿ ಒಂದೇ ಸಮೀಕರಣವನ್ನು ಮೂರು ಸಲ, ಮೂರು ಬಗೆಯಲ್ಲಿ ಬಿಡಿಸಿ ಹೇಳುವ ನಾನು ಅವ್ವನ ಹತ್ತಿರ ಮಾತ್ರ ಮಾತಿನಲ್ಲಿ ಜುಗ್ಗಿ. ಅವಳು ಅದನ್ನು ಹಾಸ್ಯ ಮಾಡುತ್ತಿದ್ದಳು: "ಮಾಲಕಿ ಅರ್ಧಾ ತಾಸು ಮಾತಾಡಿದ್ಲು, ನೀ ಎರಡ ಮಾತಿನಾಗ ಮುಗಿಸಿದಿ. ಉಳಿದಿದ್ದೆಲ್ಲಾ ನಿನ್ನ ಹೊಟ್ಟ್ಯಾಗ ಉಳೀತೇನು?" ನಾನೂ ನಗುತ್ತಿದ್ದೆ.

ಆಸ್ಪತ್ರೆ ಎಂದರೆ ಮುಖ್ಯ ರಸ್ತೆಯ ಒಂದು ಮಹಡಿಯ ಮೇಲಿನ ಎರಡು ಕೋಣೆ. ಡಾಕ್ಟರಮ್ಮ ಬ್ಲೇಡಿನಿಂದ ನಾಯಿಯ ಚರ್ಮವನ್ನು ರಕ್ತ ಜಿನುಗುವವರೆಗೆ ಕೆರೆದು, ಗಾಜಿನ ಪಟ್ಟಿಗೆ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನನಗೆ ತೋರಿಸಿದರು. ಉದ್ದನೆಯ ಹುಳುಗಳು, ನಿಧಾನವಾಗಿ ಕಾಲಾಡಿಸುತ್ತಿದ್ದವು. ತೆಲುಗಿನಲ್ಲಿ ಬಹಳ ಹೊತ್ತು ವಿವರಿಸಿದರು. ಇದು ಒಂದು ಬಗೆಯ ಕಜ್ಜಿ, ಮನುಷ್ಯರಿಗೆ ಅಂಟುವುದಿಲ್ಲ. ಹುಳುಗಳು ಎಲ್ಲ ನಾಯಿಗಳಲ್ಲೂ ಇರುತ್ತವೆ, ಮೈಯ ಶಕ್ತಿ ಕುಂದಿದಾಗ ಹೆಚ್ಚುತ್ತವೆ. ಮೊದಲು ಕೊಟ್ಟ ಮಾತ್ರೆಯನ್ನು ನಮ್ಮ ನಾಯಿ ಕಕ್ಕಿತು. ಹಾಗಾಗಿ ಮುಂದಿನ ಸಲ ಒಂದು ಬಾಟಲಿ ಕೊಟ್ಟರು. ವಾರಕ್ಕೊಮ್ಮೆ ನೀರಿನಲ್ಲಿ ಬೆರೆಸಿ ಮೈ ಪೂರ್ತಿ ಹಚ್ಚಬೇಕು. ಒರೆಸಬಾರದು, ತೊಳೆಯಬಾರದು, ತಾನಾಗಿ ಒಣಗಬೇಕು, ಮುಂದಿನ ವಾರದವರೆಗೆ ಮೈಗೆ ನೀರು ತಾಕಬಾರದು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಅವ್ವ ಪಕ್ಕದಲ್ಲೇ ನಾಯಿಯ ಕತ್ತು ಹಿಡಿದು ನಿಂತು ನಮ್ಮಿಬ್ಬರ ಬಾಯಿಯನ್ನೇ ನೋಡುತ್ತಿದ್ದಳು.

"ಏನಂದ್ರಬೇ?"

"ವಾರಕ್ಕೊಮ್ಮೆ ಈ ಔಷಧ ಹಚ್ಚಬೇಕಂತ."

"ಅಷ್ಟ? ಭಾಳೊತ್ತು ಮಾತಾಡಿದ್ರಲ್ಲ."

"ಅಷ್ಟ. ನಡಿ ಯವ್ವಾ, ಆಟೋ ನಿಂತೈತಿ."

ಹಚ್ಚುವವಳು ನಾನೇ ತಾನೇ, ಅವಳಿಗೆ ಹೇಳಿ ಆಗಬೇಕಾದ್ದೇನು ಎಂದುಕೊಂಡಿದ್ದೆ.

ಭಾನುವಾರ ನಮ್ಮಲ್ಲಿ ಹುಡುಗರಿಗೆ ಟೆಸ್ಟ್ ಇರುತ್ತದೆ, ರಜೆ ಎಂಬುದಿಲ್ಲ. ಬೆಳಿಗ್ಗೆ ಎಂಟಕ್ಕೆ ಹಿತ್ತಲಲ್ಲಿ ಕೈಗವಸು ಹಾಕಿಕೊಂಡು, ನಾಯಿಯನ್ನು ನಲ್ಲಿಗೆ ಕಟ್ಟಿ, ಸೀಮೆಎಣ್ಣೆಯಂತೆ ನಾರುವ ಆ ಔಷಧವನ್ನು ಹಚ್ಚಿ, ಓಡುತ್ತಿದ್ದೆ. ಸಂಜೆ ಬರುವಷ್ಟರಲ್ಲಿ ಅದು ಅವ್ವನ ಹಳೆಯ ಸೀರೆಯ ಮೇಲೆ ಮಲಗಿರುತ್ತಿತ್ತು. ವಾಸನೆ ಇರುತ್ತಿರಲಿಲ್ಲ. ಆರಿ ಹೋಗಿರಬೇಕು ಎಂದುಕೊಂಡೆ. ಬಚ್ಚಲಿನಲ್ಲಿ ಸೀಗೆಕಾಯಿಯ ವಾಸನೆ ಇರುತ್ತಿತ್ತು. ಅವ್ವ ತಲೆಗೆ ಎರೆದುಕೊಂಡಿರಬೇಕು ಎಂದುಕೊಂಡೆ. ರಸಾಯನಶಾಸ್ತ್ರ ಓದಿದವಳ ಮೂಗು ಇದು.

ನಾಲ್ಕು ವಾರವಾಯಿತು, ಗುಣ ಕಾಣಲಿಲ್ಲ. ಆರು ವಾರಕ್ಕೆ ಕಿವಿ ಬೋಳಾಯಿತು, ಹೊಟ್ಟೆಯ ಕೆಳಗೆ ಕೀವು ಕಟ್ಟಿತು. ಡಾಕ್ಟರಮ್ಮ ಮತ್ತೆ ಕೆರೆದು ನೋಡಿದರು, ಹುಳುಗಳು ಮೊದಲಿಗಿಂತ ಹೆಚ್ಚಾಗಿದ್ದವು. ಸರಿಯಾಗಿ ಹಚ್ಚುತ್ತಿದ್ದೀರಾ ಎಂದು ಅವರು ಕೇಳಿದಾಗ ನನಗೆ ಸಿಟ್ಟು ಬಂತು. ನನ್ನನ್ನು ಯಾರೂ ಹಾಗೆ ಕೇಳುವುದಿಲ್ಲ, ನಾನು ಬೇರೆಯವರನ್ನು ಕೇಳುತ್ತೇನೆ. ಮನೆಗೆ ಬರುವ ದಾರಿಯಲ್ಲಿ, ಇದು ಉಳಿಯುವ ಪ್ರಾಣಿಯಲ್ಲ ಎಂದು ಮೊದಲ ಸಲ ಅನ್ನಿಸಿತು. ಅವ್ವನಿಗೆ ಹೇಳಲಿಲ್ಲ. ಅವಳ ಮುಖ ನೋಡಿದರೆ ಅವಳಿಗೂ ಅದೇ ಅನ್ನಿಸಿದ ಹಾಗಿತ್ತು.

ಎಂಟನೆಯ ಭಾನುವಾರ ಪ್ರಶ್ನೆಪತ್ರಿಕೆಯಲ್ಲಿ ಏನೋ ತಪ್ಪಾಗಿ ಟೆಸ್ಟ್ ಮುಂದಕ್ಕೆ ಹೋಯಿತು. ಹತ್ತೂವರೆಗೆಲ್ಲ ಮನೆಗೆ ಬಂದೆ. ಬಚ್ಚಲಿನ ಬಾಗಿಲು ತೆರೆದಿತ್ತು, ಒಳಗೆ ಹಬೆ. ಅವ್ವ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ಮಣೆಯ ಮೇಲೆ ಕೂತಿದ್ದಾಳೆ. ಚಾಚಿದ ಕಾಲುಗಳ ಮೇಲೆ ನಾಯಿ. ಮೈಯೆಲ್ಲ ಸೀಗೆಪುಡಿ. ಬಿಸಿನೀರು ಹೊಯ್ಯುತ್ತ ಏನೋ ಗುನುಗುತ್ತಿದ್ದಾಳೆ. ಆ ನಾಯಿ, ನಾನು ಮುಟ್ಟಿದರೆ ಹಲ್ಲು ತೋರಿಸುತ್ತಿದ್ದ ನಾಯಿ, ಕಣ್ಣು ಮುಚ್ಚಿಕೊಂಡು ಬಿದ್ದಿದೆ. ಕೊನೆಯ ತಂಬಿಗೆ ನೀರನ್ನು ಅದರ ತಲೆಯ ಸುತ್ತ ಮೂರು ಸಲ ನಿವಾಳಿಸಿ, "ನನ್ನ ಆಯುಷ್ಯ ನಿನಗಿರ್ಲಿ ಕೂಸ" ಎಂದು ಪಕ್ಕಕ್ಕೆ ಚೆಲ್ಲಿದಳು.

ನನ್ನನ್ನೂ ಹೀಗೆಯೇ ಎರೆದು ಬೆಳೆಸಿದವಳು. ನಮ್ಮ ಕಡೆ ಮೈಗೆ ಎಣ್ಣೆ, ಅರಿಸಿನ, ಏನೇ ಹಚ್ಚಿದರೂ ತುಸು ಹೊತ್ತು ಬಿಟ್ಟು ಬಿಸಿನೀರು ಹಾಕಿ ತೊಳೆದರೇ ಆ ಕೆಲಸ ಮುಗಿದಂತೆ. ಹಚ್ಚಿ ಹಾಗೇ ಬಿಡುವುದು ದಿಕ್ಕಿಲ್ಲದ ಮಕ್ಕಳಿಗೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಕೂಗಾಡಿದೆ.

"ಏನ್ಮಾಡಾಕತ್ತೀಬೇ! ಎಂಟು ವಾರದಿಂದ ಇದ ಮಾಡೀಯೇನು? ಔಷಧೆಲ್ಲಾ ನೀರಿಗೆ ಹೋತು! ಕೊಂದಿ ಅದನ್ನ, ನೀನ ಕೊಂದಿ!"

ಅವಳ ಕೈಯಲ್ಲಿ ಖಾಲಿ ತಂಬಿಗೆ ಹಾಗೇ ಇತ್ತು.

"ಉರಿ ತಾಳಲಾರದ ಒದ್ದಾಡತಿತ್ತಬೇ," ಎಂದಳು. "ಹಚ್ಚಿದ್ದು ತೊಳೀಬಾರದು ಅಂತ ನೀ ಹೇಳಿದ್ದಿಲ್ಲ."

ಅಷ್ಟೇ ಹೇಳಿದ್ದು. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ಇನ್ನಷ್ಟು ಜಗಳವಾಡಿ ಹಗುರಾಗುತ್ತಿದ್ದೆ.

ತೊಳೆದ ಸಂಗತಿಯನ್ನು ಡಾಕ್ಟರಮ್ಮನಿಗೆ ಹೇಳಿ ಮತ್ತೆ ಮೊದಲಿನಿಂದ ಶುರು ಮಾಡಿದೆವು. ಕೀವಿಗೆ ಸೂಜಿಮದ್ದು, ವಾರಕ್ಕೊಮ್ಮೆ ಅದೇ ಔಷಧ, ನೀರಿಲ್ಲ. ಟೆಸ್ಟಿಗೆ ಹೋಗದೆ ಎರಡು ಭಾನುವಾರ ಮನೆಯಲ್ಲೇ ಕಾವಲು ಕೂತೆ. ಹಸಿ ಚರ್ಮದ ಮೇಲೆ ಔಷಧ ಬಿದ್ದ ತಕ್ಷಣ ನಾಯಿ ಹಗ್ಗ ಜಗ್ಗಿ ಕೂಗುತ್ತಿತ್ತು. ಬಿಟ್ಟೊಡನೆ ನೇರ ಬಚ್ಚಲಿಗೆ ಹೋಗಿ ಮುಚ್ಚಿದ ಬಾಗಿಲನ್ನು ಕೆರೆಯುತ್ತಿತ್ತು. ಕೆರೆದು, ತಿರುಗಿ ಅವ್ವನನ್ನು ನೋಡುತ್ತಿತ್ತು. ಬಿಸಿನೀರು ಬರುತ್ತದೆ, ಕಾಲ ಮೇಲೆ ಮಲಗಿಸಿಕೊಳ್ಳುತ್ತಾಳೆ, ಉರಿ ತಣಿಯುತ್ತದೆ ಎಂದು ಅದು ಎಂಟು ವಾರ ಕಲಿತಿತ್ತು. ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಎರಡನೆಯ ಭಾನುವಾರ ಅದು ಬಾಗಿಲ ಮುಂದೆಯೇ ಮಲಗಿಬಿಟ್ಟಿತು. ಸಂಜೆಯವರೆಗೆ ಕಾಯಿತು.

ಮಂಗಳವಾರ ಮೊಸರನ್ನ ಬಿಟ್ಟಿತು. ಬುಧವಾರ ಜ್ವರ. ಗುರುವಾರ ಕ್ಲಾಸು ಬಿಟ್ಟು ಆಸ್ಪತ್ರೆಗೆ ಒಯ್ದೆವು. ಕಾಲಿಗೆ ಸಲೈನ್ ಹಾಕಿದರು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ, ಅವ್ವನ ಕೈ ನೆಕ್ಕಲು ನಾಲಿಗೆ ತೆಗೆದದ್ದು ಮತ್ತೆ ಒಳಗೆ ಎಳೆದುಕೊಳ್ಳಲಿಲ್ಲ.

ಡಾಕ್ಟರಮ್ಮ ನನ್ನ ಹತ್ತಿರ ಬಂದು ಮಾತಾಡಿದರು. ನಂಜು ರಕ್ತಕ್ಕೆ ಸೇರಿತ್ತು. ಬೆಳೆದ ನಾಯಿಗೆ ಈ ಕಜ್ಜಿ ಹೀಗೆ ಏರಿದರೆ ಒಳಗೆ ಬೇರೇನೋ ಕಾಯಿಲೆ ಇರುವುದುಂಟು. ತೊಳೆದದ್ದರಿಂದಲೇ ಹೋಯಿತು ಎನ್ನಲಾಗದು, ತೊಳೆಯದಿದ್ದರೂ ಉಳಿಯುತ್ತಿತ್ತೋ ಇಲ್ಲವೋ. ನಿಮ್ಮ ತಾಯಿಯವರಿಗೆ ಇದನ್ನು ಹೇಳಿ ಎಂದರು.

ನಾನು ಅವ್ವನ ಮುಂದೆ ಕೂತು, ಬದುಕಿನಲ್ಲಿ ಮೊದಲ ಸಲ, ಒಂದು ಮಾತೂ ಬಿಡದೆ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು.

"ಇದು ಅವ್ರು ಹೇಳಿದ್ದೋ, ನೀ ಹೇಳಾಕತ್ತಿದ್ದೋ?"

"ಅವ್ರು ಹೇಳಿದ್ದಬೇ. ಆಣಿ ಮಾಡ್ತೀನಿ."

"ಇರ್ಲಿ ಬಿಡು," ಎಂದಳು. ನಂಬಲಿಲ್ಲ. ನಂಬಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಡಾಕ್ಟರಮ್ಮ ಮೂರು ಮಾರು ದೂರದಲ್ಲಿ ನಿಂತಿದ್ದರು, ಅವರಿಗೂ ಅವ್ವನಿಗೂ ನಡುವೆ ಇದ್ದದ್ದು ನಾನೊಬ್ಬಳೇ.

ಅದಾಗಿ ಒಂದು ವರ್ಷದ ಮೇಲಾಯಿತು. ಅವ್ವ ಈಗ ನನ್ನನ್ನು ಹಾಸ್ಯ ಮಾಡುವುದಿಲ್ಲ. ಮನೆಯಲ್ಲಿ ಮಾತೇ ಕಡಿಮೆ. ಇನ್ನೊಂದು ಮರಿ ತರೋಣವೇ ಎಂದು ಕೇಳಿದೆ, "ಬ್ಯಾಡ, ನನಗ ತಿಳ್ಯಾಂಗಿಲ್ಲ" ಎಂದಳು.

ಹೋದ ತಿಂಗಳು ಅವಳ ಮೊಣಕಾಲು ಬಾತು ಡಾಕ್ಟರರ ಹತ್ತಿರ ಕರೆದೊಯ್ದೆ. ಅವರು ತಿಕ್ಕಿಕೊಳ್ಳಲು ಒಂದು ಎಣ್ಣೆ ಬರೆದುಕೊಟ್ಟರು. ಎಷ್ಟು, ಯಾವಾಗ, ಹೇಗೆ, ಎಲ್ಲವನ್ನೂ ದಾರಿಯುದ್ದಕ್ಕೂ ಬಿಡಿಸಿ ಹೇಳಿದೆ. ಮರುದಿನ ಬೆಳಿಗ್ಗೆ ನಾನು ಕ್ಲಾಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಅವಳು ಕುಂಟುತ್ತ ಬಾಗಿಲಿಗೆ ಬಂದಳು. ಎಣ್ಣೆ ಹಚ್ಚಿದ ಮೊಣಕಾಲು ಕಾಣುವಂತೆ ಸೀರೆ ಎತ್ತಿ ಹಿಡಿದಿದ್ದಳು. ದನಿಯಲ್ಲಿ ಕೊಂಕೇನೂ ಇರಲಿಲ್ಲ, ಮಾಲಕಿಯನ್ನೋ ಮತ್ತಾರನ್ನೋ ಕೇಳುವಂತೆ ಮೆಲ್ಲಗೆ ಕೇಳಿದಳು:

"ಇದನ್ನ ತೊಳೀಬೇಕೋ, ತೊಳೀಬಾರದೋ? ಸಿಟ್ಟಾಗಬ್ಯಾಡ, ಇನ್ನೊಮ್ಮೆ ಹೇಳಿ ಹೋಗು."