ನೀರಿಲ್ಲದ ಕಾಯಿ, ಕುದುರೆಮುಖದ ಏರು

೧೯೮೬ರಲ್ಲಿ ಏಳನೇ ಕ್ಲಾಸಿಗೆ ನನ್ನ ಓದು ನಿಂತಿತು. ಆಮೇಲೆ ಜಾವಗಲ್ಲಿನ ನಮ್ಮ ಮನೆಯ ಅಟ್ಟವೇ ನನ್ನ ಶಾಲೆ. ಅಟ್ಟಕ್ಕೆ ಹಾಕಿದ ತೆಂಗಿನಕಾಯಿಗೆ ವರ್ಷ ತುಂಬುತ್ತ ಬಂದಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗೊಟಗೊಟ ಎನ್ನುತ್ತದೆ. ಅಂಥದ್ದನ್ನು ಮಾತ್ರ ಒಡೆಯಬೇಕು. ಹಸಿ ಒಡೆದರೆ ಕೊಬ್ಬರಿ ಕೆಟ್ಟಿತು. ಆ ಸದ್ದು ಹಿಡಿಯುವುದರಲ್ಲಿ ನಮ್ಮ ಸುತ್ತಿನಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಆ ಜಂಭ ನನಗಿತ್ತು, ಮುಚ್ಚಿಡುವುದಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಕೆಟ್ಟ ನೆಗಡಿ ಬಂತು. ನೆಗಡಿ ಹೋಯಿತು, ಕಿವಿ ಎರಡೂ ಕಟ್ಟಿಕೊಂಡವು. ಯಾರಿಗೂ ಹೇಳಲಿಲ್ಲ. ಎದುರಿನವರ ತುಟಿ ನೋಡಿ ತಲೆಯಾಡಿಸುತ್ತಿದ್ದೆ, ಕಾಯಿಗಳನ್ನು ಕೈಯಲ್ಲಿ ತೂಗಿ ಆರಿಸುತ್ತಿದ್ದೆ. ಒಂದು ದಿನ ನಮ್ಮಲ್ಲಿ ಕಾಯಿ ಸುಲಿಯುವ ರಂಗಪ್ಪ ಒಡೆದ ಕಾಯನ್ನು ನನ್ನ ಮುಖದ ಮುಂದೆ ಹಿಡಿದ. ನೀರು ಸುರಿಯುತ್ತಿತ್ತು.

“ಯಜಮಾನ್ರೇ, ಆಗ್ಲಿಂದ ಇಪ್ಪತ್ತು ಕಾಯಿ ಹಸಿ ಬಂದ್ವು. ನಿಮ್ ಕಿವಿಗೆ ಏನಾಗೈತೆ?” ಎಂದು ಕೂಗಿದ. ಕೂಗಿದ್ದರಿಂದ ನನಗೆ ಕೇಳಿತು. ಒಳಗಿದ್ದ ಹೆಂಡತಿ ಶಾರದಮ್ಮನಿಗೂ ಕೇಳಿತು.

ಮಾರನೆಯ ಬೆಳಿಗ್ಗೆ ಅವಳು ನನ್ನನ್ನು ಹಾಸನದ ಬಸ್ಸು ಹತ್ತಿಸಿದಳು. ಡಾಕ್ಟರು ಹೇಳಿದ್ದನ್ನು ಚೀಟಿಯಲ್ಲಿ ಬರೆದು ತೋರಿಸಿದಳು. ಅವಳು ಎಸ್ಸೆಸ್ಸೆಲ್ಸಿ ಪಾಸು. ಕಿವಿಯ ಪರದೆಯ ಹಿಂದೆ ನೀರು ನಿಂತಿದೆ, ಮಾತ್ರೆಗೆ ಹೋಗದಿದ್ದರೆ ಪರದೆಗೆ ತೂತು ಮಾಡಿ ಸಣ್ಣ ಕೊಳವೆ ಇಡಬೇಕು, ಆದರೂ ಮೊದಲಿನಂತೆ ಕೇಳುತ್ತದೆಂದು ಮಾತು ಕೊಡಲಾಗದು ಎಂದಿತ್ತು. ಒಳಗೆ ನೀರಿರುವ ಕಾಯಿ ಗೊಟಗೊಟ ಎನ್ನುವುದಿಲ್ಲ. ಅದು ಡಾಕ್ಟರಿಗಿಂತ ಮೊದಲೇ ನನಗೆ ಗೊತ್ತಿದ್ದ ವಿಷಯ.

ಎರಡು ತಿಂಗಳು ಮಾತ್ರೆ ನುಂಗಿದೆ. ನೀರು ಇಳಿಯಲಿಲ್ಲ. ಕಾರ್ತಿಕ ಮುಗಿದ ಕೂಡಲೇ ಆಪರೇಷನ್ ಎಂದರು. ಅಟ್ಟದ ಏಣಿ ಹತ್ತುವುದನ್ನೇ ಬಿಟ್ಟೆ. ಹತ್ತಿ ಏನು ಮಾಡಲಿ? ಲಿಂಗಪೂಜೆಗೆ ಕೂತಾಗ ಒಂದೇ ಮಾತು ಬರುತ್ತಿತ್ತು: “ಶಿವನೇ, ಓದು ಕೊಡಲಿಲ್ಲ, ನಾನೂ ಬೇಡಲಿಲ್ಲ. ಕೊಟ್ಟಿದ್ದ ಕಿವಿಯನ್ನಾದರೂ ಇಟ್ಟುಬಿಡು.”

ಶಾರದಮ್ಮ ಕಳಸೇಶ್ವರನಿಗೆ ಹರಕೆ ಹೊತ್ತಳು. ಅವಳ ತಮ್ಮ ಪರಮೇಶ ಅರೇಹಳ್ಳಿಯವನು, ಬೇಲೂರಿನ ಬಸ್ ಸ್ಟ್ಯಾಂಡಿಗೆ ಓಮ್ನಿ ತಂದು ನಮ್ಮನ್ನು ಹತ್ತಿಸಿಕೊಂಡ. ಪೂಜೆಯ ಕಾಯಿ ನಮ್ಮ ಅಟ್ಟದ್ದೇ. ಕೊಬ್ಬರಿ ಮನೆಯವರು ಅಂಗಡಿಯ ಕಾಯಿ ಕೊಂಡರೆ ಜನ ನಗುತ್ತಾರೆ. ಅದಕ್ಕೆಂದೇ ಏಣಿ ಹತ್ತಿ, ನೀರಿದೆಯೆಂದು ಕೈಯಲ್ಲಿ ತೂಗಿ ನಾನೇ ಆರಿಸಿ, ನಾನೇ ಸುಲಿದು, ಜುಟ್ಟು ಬಿಟ್ಟು ತಂದಿದ್ದೆ.

ಕಳಸದಲ್ಲಿ ಮೆಟ್ಟಿಲು ಹತ್ತಿ ಒಳಗೆ ಹೋದೆವು. ಅರ್ಚಕರು ಕಾಯಿ ಒಡೆದರು. ಒಂದು ಹನಿ ನೀರಿಲ್ಲ. ಚಿಪ್ಪು ಬಿರಿದು ಉಂಡೆ ಕೊಬ್ಬರಿ ತಟ್ಟೆಗೆ ಉರುಳಿತು. ನಲವತ್ತು ವರ್ಷ ಕಾಯಿ ಅಲ್ಲಾಡಿಸಿದವನು ದೇವರ ಮುಂದೆ ಒಣಕಾಯಿ ಇಟ್ಟಿದ್ದೆ. ಅಪಶಕುನವೆಂದು ಶಾರದಮ್ಮನ ಮುಖ ಇಳಿದುಹೋಯಿತು. ಪರಮೇಶ ನನ್ನ ಕಿವಿಗೆ ಬಾಯಿಟ್ಟು, “ಏನ್ ಭಾವ, ಸ್ವಾಮಿಗೂ ಕೊಬ್ಬರಿ ವ್ಯಾಪಾರ ಹಚ್ಚೀರಾ?” ಎಂದ. ಅಕ್ಕ ಅವನ ಬೆನ್ನಿಗೆ ಗುದ್ದಿದಳು. ಅರ್ಚಕರು ನಕ್ಕು, ಒಣಗಿದ್ದರೂ ಪ್ರಸಾದವೇ, ತಿನ್ನಿ ಎಂದರಂತೆ. ಉಂಡೆಯನ್ನು ಚೂರು ಮಾಡಿಸಿ ಅವಳು ಸೆರಗಿನಲ್ಲಿ ಕಟ್ಟಿಕೊಂಡಳು.

ಬಂದ ದಾರಿಯಲ್ಲೇ ಹಿಂದಿರುಗೋಣವೆಂದೆ. ಪರಮೇಶ ಕೇಳಲಿಲ್ಲ. ಕುದುರೆಮುಖದ ಕಾಡಿನೊಳಗೆ ಹಾದು, ಶೃಂಗೇರಿ ನೋಡಿಕೊಂಡು ಊರು ಸೇರೋಣವೆಂದು ಗಾಡಿ ತಿರುಗಿಸಿದ. ಚೆಕ್‌ಪೋಸ್ಟಿನಲ್ಲಿ ಹೊತ್ತು ಬರೆದ ಚೀಟಿ ಕೊಟ್ಟರು. ಇಷ್ಟು ಹೊತ್ತಿನೊಳಗೆ ಆಚೆ ಗೇಟು ದಾಟಬೇಕು, ನಡುವೆ ಗಾಡಿ ನಿಲ್ಲಿಸುವಂತಿಲ್ಲ.

ಅಂಥ ಬೆಟ್ಟ ನಾನು ಕಂಡಿರಲಿಲ್ಲ. ಮೈಯೆಲ್ಲ ಬರೀ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕಾಡು. ಪಂಚೆ ಮಡಿಸುವಾಗ ಮಡಿಕೆಗಳಿಗೆ ಸೊಪ್ಪು ತುರುಕಿದ ಹಾಗೆ. ಮರ ನೆಟ್ಟು ಬದುಕಿದವನಿಗೆ ಇದು ಬಿಡಿಸಬೇಕಾದ ಲೆಕ್ಕ. “ಯಾಕೋ ಪರಮೇಶ, ಮರ ಅಲ್ಲಿ ಮಾತ್ರ ಐತೆ? ಯಾರಾದ್ರೂ ಕಡಿದವ್ರಾ?” ಎಂದೆ. ಅವನ ತುಟಿ ಆಡಿತು, ನನಗೆ ಕೇಳಲಿಲ್ಲ. ಮತ್ತೆ ಕೇಳಿದೆ. ಮೂರನೆಯ ಸಲಕ್ಕೆ ಶಾರದಮ್ಮ ಸೆರಗು ಬಿಚ್ಚಿ, ನನ್ನ ಬಾಯಿ ಕಟ್ಟಲು ದೊಡ್ಡದೊಂದು ಕೊಬ್ಬರಿ ಚೂರು ಕೊಟ್ಟಳು.

ಕಲ್ಲಿನಂಥ ಕೊಬ್ಬರಿ. ದವಡೆ ನೋಯುವಷ್ಟು ಅಗಿದೆ. ರಸ್ತೆ ತಿರುಗುತ್ತ ಏರುತ್ತಿತ್ತು, ಮಂಜು ಗಾಜಿಗೆ ಬಂತು. ಬಲಗಿವಿಯಲ್ಲಿ ಟಪ್ ಎಂದಿತು. ಇನ್ನೊಂದು ತಿರುವಿನಲ್ಲಿ ಮತ್ತೊಮ್ಮೆ. ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು: “ಈ ಮನ್ಷನ ಕಿವಿ ಹೋದ್ರೂ ಬಾಯಿ ಹೋಗ್ಲಿಲ್ಲ ನೋಡು.”

“ಏನಂದೆ?”

“ಏನಿಲ್ಲ” ಎಂದು ಅವಳು ಕೈ ಆಡಿಸಿದಳು.

“ಬಾಯಿ ಹೋಗ್ಲಿಲ್ಲ ಅಂದೆ ಕಣೇ.”

ಅವಳು ಹಿಂದಿನಿಂದ ಬಗ್ಗಿ ನನ್ನ ತೋಳು ಹಿಡಿದುಕೊಂಡಳು, ಬಳೆ ಸದ್ದಾಯಿತು. ಮೂರು ತಿಂಗಳ ಮೇಲೆ ಕೇಳಿದ ಸದ್ದು.

“ನಿಲ್ಸೋ” ಎಂದೆ. “ನಿಲ್ಲಿಸಂಗಿಲ್ಲ ಭಾವ” ಎಂದ ಪರಮೇಶನ ದನಿ ಒಡೆದಿತ್ತು. ವೇಗ ತಗ್ಗಿಸಿ ಗಾಜು ಇಳಿಸಿದ. ರಸ್ತೆ ಪಕ್ಕದ ಬಂಡೆಯ ಮೇಲೆ ನೀರು ಇಳಿಯುತ್ತಿತ್ತು. ಅದನ್ನು ಕೇಳುತ್ತ ನನಗೂ ಕಣ್ಣು ತುಂಬಿತು. “ಈಗ್ಲಾದ್ರೂ ಕೇಳ್ಕಳಿ. ಮೇಲಿನ ಗಾಳಿ ಮರ ನಿಲ್ಲಕ್ಕೆ ಬಿಡಲ್ಲ. ಮಡಿಕೇಲಿ ಗಾಳಿ ಕಮ್ಮಿ, ನೀರೈತೆ. ಇದು ನಾ ಹೇಳ್ತಿರೋದು ನಾಕನೇ ಸಲ” ಎಂದ.

ವಾರದ ಮೇಲೆ ಡಾಕ್ಟರು ಕಿವಿ ನೋಡಿ, ನೀರು ಇಳಿದಿದೆ, ಆಪರೇಷನ್ ಬೇಡ ಎಂದರು. ಎತ್ತರ ಹತ್ತುವಾಗ ಕಿವಿಯೊಳಗಿನ ಗಾಳಿ ಹಿಗ್ಗುತ್ತದೆ, ಗಟ್ಟಿ ಅಗಿದರೆ ಮುಚ್ಚಿದ ದಾರಿ ತೆರೆಯಬಹುದು ಎಂದು ತಿಳಿಸಿದರು. ನನಗೆ ತುಂಬಾ ಹಿಡಿಸಿತು, ಚಿತ್ರ ಬರೆಸಿಕೊಂಡು ಬಂದಿದ್ದೇನೆ. ಅವರ ಮಾತು ನಿಜ. ಆದರೆ ಪೂಜೆಗೆ ನೀರುಗಾಯಿಯೇ ಸಿಕ್ಕಿದ್ದರೆ ಆ ಏರಿನಲ್ಲಿ ನನ್ನ ಬಾಯಲ್ಲಿ ಒಣಕೊಬ್ಬರಿ ಎಲ್ಲಿರುತ್ತಿತ್ತು? ನನ್ನ ಕೈ ತಪ್ಪಿದಲ್ಲೇ ಸ್ವಾಮಿ ಕೈ ಹಾಕಿದ. ನಿಮ್ಮ ಕಾಯೂ ಒಣಗಿ ಬಂದರೆ ಎದೆಗುಂದಬೇಡಿ, ಪ್ರಸಾದ ಬಿಡದೆ ತಿನ್ನಿ.

ಈಗ ನನಗಿರುವುದು ಇಷ್ಟು: ತೆಂಗಿನ ಮರ ನೂರಾ ಹದಿನಾಲ್ಕು, ಅಟ್ಟ ಒಂದು, ಹೆಂಡತಿ ಒಬ್ಬಳು, ಭಾವಮೈದ ಒಬ್ಬ, ಕಿವಿ ಎರಡು. ಬಲಗಿವಿ ಪೂರ್ತಿ, ಎಡಗಿವಿ ಮುಕ್ಕಾಲು.