ಪಂಚಾಕ್ಷರಪ್ಪ ಟೀವಿಯಲ್ಲಿ ಆಡಿದ ಮಾತು

ಕೊಟ್ಟೂರಿನ ಹಸನ್ ಸಾಬ್ ಆಂಟೆನಾ ಕಟ್ಟಿದರೆ ಟೀವಿಯಲ್ಲಿ ವಾರ್ತೆ ಓದುವವರ ಮೀಸೆಯ ಕೂದಲು ಎಣಿಸಬಹುದು ಎನ್ನುತ್ತಿದ್ದರು. ಎಣಿಸಿದವರೂ ಇದ್ದರು. ಕೂಡ್ಲಿಗಿಯ ಮೇಷ್ಟ್ರೊಬ್ಬರು ಇನ್ನೂರ ಹನ್ನೆರಡರವರೆಗೆ ಬಂದಿದ್ದರಂತೆ, ಅಷ್ಟರಲ್ಲಿ ಕರೆಂಟ್ ಹೋಯಿತು. ಹಡಗಲಿಯ ಒಂದು ಮನೆಗೆ ಕಟ್ಟಿದ ಆಂಟೆನಾ ಎಷ್ಟು ಚುರುಕೆಂದರೆ ನಾಳೆಯ ವಾರ್ತೆ ಇವತ್ತೇ ಬರತೊಡಗಿತು. ಮನೆಯವರು ಹೆದರಿ ಎರಡು ಕಡ್ಡಿ ಕಳಚಿಸಿದರು. ಇದನ್ನು ಹೇಳಿದವನು ಹಸನ್ ಸಾಬನೇ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ತೊಂಬತ್ತರ ದಶಕದ ನಡುವಿನ ಮಾತು ಇದು. ಟವರು ದೂರ, ಚಿತ್ರ ಬಡಪಾಯಿ. ಅಲ್ಲಿಂದ ಹೊರಟ ಚಿತ್ರ ಕೊಟ್ಟೂರು ಮುಟ್ಟುವಷ್ಟರಲ್ಲಿ ನಡೆದು ನಡೆದು ಸವೆದಿರುತ್ತಿತ್ತು. ಒಬ್ಬ ಮನುಷ್ಯ ಇಬ್ಬರಾಗಿ ಕಾಣುತ್ತಿದ್ದ, ಇಬ್ಬರ ಮೇಲೂ ಇರುವೆ ಹರಿದಾಡುತ್ತಿದ್ದವು. ಈ ಇರುವೆ ಓಡಿಸುವುದೇ ಹಸನ್ ಸಾಬನ ಕಸುಬು.

ಅಡುಗೆ ಮಾಡುವವನು ರುಚಿ ನೋಡಬಹುದು, ದರ್ಜಿ ಅಂಗಿ ತೊಡಿಸಿ ನೋಡಬಹುದು. ಆಂಟೆನಾ ಕಟ್ಟುವವನಿಗೆ ಆ ಭಾಗ್ಯವಿಲ್ಲ. ಅವನು ಮಾಳಿಗೆಯ ಮೇಲೆ ಪೈಪು ಹಿಡಿದು ನಿಂತಿರುತ್ತಾನೆ, ಟೀವಿ ಕೆಳಗೆ ಪಡಸಾಲೆಯಲ್ಲಿರುತ್ತದೆ. ಅದಕ್ಕೇ ಹಸನ್ ಸಾಬ್ ಬೆಳಕಿಂಡಿಯ ಕೆಳಗೆ ಗಂಟಲು ಗಟ್ಟಿಯಿದ್ದ ಒಬ್ಬರನ್ನು ನಿಲ್ಲಿಸುತ್ತಿದ್ದ. ಚಿತ್ರ ಬಂದರೆ ‘ಬಂತು’ ಎಂದು ಕೂಗಬೇಕು, ಹೋದರೆ ‘ಹೋತು’. ಕೆಳಗಿನಿಂದ ಏನೂ ಕೇಳಿಸದಿದ್ದರೆ ಇನ್ನೂ ಬಂದಿಲ್ಲ ಎಂದರ್ಥ, ತಿರುಗಿಸುತ್ತ ಹೋಗಬೇಕು. ಹತ್ತು ವರ್ಷದಲ್ಲಿ ಈ ಏರ್ಪಾಡು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಹಸನ್ ಸಾಬನ ಓಣಿಯಲ್ಲೇ ಪಂಚಾಕ್ಷರಪ್ಪ ಎಂಬ ಹಿರಿಯರಿದ್ದರು. ಅವರ ಮನೆಯ ಜೋಳದ ಬೀಜಕ್ಕೆ ವರ್ಷವಿಡೀ ಒಂದು ಹುಳ ಬೀಳುತ್ತಿರಲಿಲ್ಲ. ಬೂದಿ, ಬೇವಿನ ಸೊಪ್ಪು ಹಾಕಿ ಅದನ್ನು ಕಾಯುತ್ತಿದ್ದವಳು ಹೆಂಡತಿ ಅನ್ನದಾನಮ್ಮ. ಹೆಸರು ಮಾತ್ರ ಗಂಡನದು. ಹರಪನಹಳ್ಳಿಯಲ್ಲಿ ರೈತರ ಸಭೆಗೆ ಹೋದಾಗ ಟೀವಿಯವರು ಅವರನ್ನು ಹಿಡಿದು, ಮೈಕು ಮುಂದಿಟ್ಟು ಬೀಜದ ಬಗ್ಗೆ ಮಾತಾಡಿಸಿದರು. ಮನೆಗೆ ಬಂದವರೇ ಅವರು ಹೆಂಡತಿಗೆ ಹೇಳಿದರು: “ನಿನ್ನ ಬಗ್ಗೇನೂ ಒಂದು ಮಾತು ಅಂದೀನಿ.”

“ಏನಂದ್ರಿ?”

“ಟೀವ್ಯಾಗ ಬಂದಾಗ ಕೇಳು. ಈಗ ಯಾಕ ಅವಸರ?”

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅನ್ನದಾನಮ್ಮನ ಬಗ್ಗೆ ಅವರು ಆಡಿದ ಮಾತೆಂದರೆ ‘ಸಾರಿಗೆ ಉಪ್ಪು ಕಮ್ಮಿ’ ಎಂಬುದೊಂದೇ. ಹಾಗಾಗಿ ಆಕೆ ಮೂರು ತಿಂಗಳು ದಿನಕ್ಕೊಮ್ಮೆ ಕೇಳಿದಳು. ಅವರು ದಿನಕ್ಕೊಮ್ಮೆ ನಕ್ಕರು. ನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ಎದೆನೋವೆಂದು ಕೂತವರು ಏಳಲಿಲ್ಲ. ದಿನಕರ್ಮಗಳೆಲ್ಲ ಮುಗಿದು ಎರಡು ವಾರಕ್ಕೆ ಅವರ ಹೆಸರಿಗೇ ಕಾರ್ಡು ಬಂತು: ತಾವು ಮಾತನಾಡಿದ ಕಾರ್ಯಕ್ರಮ ಇಂಥ ದಿನ ಸಂಜೆ ಬರುತ್ತದೆ, ವೀಕ್ಷಿಸಿ.

ಅನ್ನದಾನಮ್ಮ ಕಾರ್ಡು ಹಿಡಿದು ಹಸನ್ ಸಾಬನ ಅಂಗಡಿಗೆ ಬಂದಳು. “ತಮ್ಮಾ, ಅವರು ನನಗ ಏನಂದಾರ ಅನ್ನೋದೊಂದು ಕೇಳಬೇಕು. ಮತ್ತೇನೂ ಬ್ಯಾಡ.”

“ಅಕ್ಕಾರ, ಬರೇ ಕೇಳಿಸಿದ್ರ ನಾ ಯಾತರ ಹಸನ್ ಸಾಬ? ಕನ್ನಡ್ಯಾಗ ಕಂಡಂಗ ಕಾಣಸ್ತೀನಿ. ಎದ್ದು ಮಾತಾಡಸಬೇಕು ನೀವು, ಹಂಗ!”

ಆ ಸಂಜೆ ಆಷಾಢದ ಗಾಳಿ. ಕೊಟ್ಟೂರಿನ ಆಷಾಢದ ಗಾಳಿಗೆ ಕೋಳಿ ಹೊರಗೆ ಬಿಟ್ಟರೆ ಹಗರಿಬೊಮ್ಮನಹಳ್ಳಿಗೆ ಹೋಗಿ ಹಿಡಿದುಕೊಂಡು ಬರಬೇಕು. ಓಣಿಯಲ್ಲಿ ಟೀವಿ ಇದ್ದವರೆಲ್ಲ ತಮ್ಮ ತಮ್ಮ ಟೀವಿ ಆರಿಸಿ, ಮರ್ಯಾದೆಗೆಂದು ಅನ್ನದಾನಮ್ಮನ ಪಡಸಾಲೆಗೆ ಬಂದು ಕೂತರು. ಕಾರ್ಯಕ್ರಮ ಶುರುವಾಯಿತು. ಮೊದಲು ಯಾರೋ ಗೊಬ್ಬರದ ಬಗ್ಗೆ ಮಾತಾಡಿದರು. ಚಿತ್ರ ಅಷ್ಟೇನೂ ಕೆಟ್ಟದಾಗಿರಲಿಲ್ಲ, ನಾಲ್ಕು ಇರುವೆ ಇದ್ದವು.

“ಕಾಣಾಕತ್ತೈತಿ ಬಿಡೋ, ಸಾಕು,” ಎಂದಳು ಪಂಚಾಕ್ಷರಪ್ಪನ ತಂಗಿ ಅಂಜಿನಕ್ಕ.

“ಇದು ಕಾಣೋದಾ ಅಂಜಿನಕ್ಕ? ಹಿರೇರ ಮಾರಿ ಮ್ಯಾಲ ಇರಿವಿ ಬಿಡ್ಲೇನು ನಾನು? ಗಾಳಿಗೆ ಒಂದೀಟು ತಿರುಗೈತಿ. ಎರಡು ನಿಮಿಷ. ನೀವು ಬೆಳಕಿಂಡಿ ಕೆಳಗ ನಿಂದರ್ರಿ. ನಿಮ್ಮ ದನಿಗೆ ಹರಪನಹಳ್ಳಿ ಬಸ್ಸು ನಿಲ್ತೈತಿ.”

“ಏರೋ, ಏರು. ಬಿದ್ದಗಿದ್ದೀ, ನಿನ್ನ ಹೆಂಡ್ತಿ ಹಮೀದಾ ಬೀಗೆ ನಾ ಜವಾಬು ಹೇಳಾಕಿಲ್ಲ.”

ಹಸನ್ ಸಾಬ್ ಏಣಿ ಹತ್ತಿದ. ಮೇಲೆ ಗಾಳಿಗೆ ಟೀವಿಯ ಮಾತು ಒಂದೂ ಕೇಳಿಸದು, ಅಂಜಿನಕ್ಕನ ದನಿ ಮಾತ್ರ ಕೇಳಿಸೀತು. ಪೈಪನ್ನು ಒಂದು ಬೆರಳಿನಷ್ಟು ತಿರುಗಿಸಿದ. “ಹೋತು!” ಎಂದಿತು ಬೆಳಕಿಂಡಿ. ಈ ಕಡೆಗೆ ಎರಡು ಬೆರಳು ತಿರುಗಿಸಿದ. ಸದ್ದಿಲ್ಲ. ಕಾದ. ಸದ್ದಿಲ್ಲ. ಇನ್ನೂ ಬಂದಿಲ್ಲವೆಂದು ಮತ್ತಷ್ಟು ತಿರುಗಿಸಿದ.

ಕೆಳಗೆ ಆದದ್ದೇ ಬೇರೆ. ಎರಡು ಬೆರಳು ತಿರುಗಿದ ಕ್ಷಣಕ್ಕೆ ಇರುವೆಗಳೆಲ್ಲ ಹೋಗಿ, ರುಮಾಲು ಸುತ್ತಿದ ಪಂಚಾಕ್ಷರಪ್ಪ ಪಡಸಾಲೆಯಲ್ಲಿ ಬಂದು ನಿಂತಂತೆ ನಿಂತಿದ್ದರು. ಹಸನ್ ಸಾಬನ ಜೀವಮಾನದಲ್ಲೇ ಅಷ್ಟು ಚೊಕ್ಕ ಚಿತ್ರ ಬಂದಿರಲಿಲ್ಲ. ಕೂಗಬೇಕಾದ ಅಂಜಿನಕ್ಕ ಅಣ್ಣನ ಮುಖ ನೋಡುತ್ತ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. “ಇದನ್ನ ನಿಮಗೆ ಯಾರು ಕಲಿಸಿದ್ರು?” ಎಂದು ಮೈಕಿನವನು ಕೇಳಿದ. “ಅದು ನಾನಲ್ರೀ, ನಮ್ಮ ಮನ್ಯಾಗ...” ಎಂದರು ಪಂಚಾಕ್ಷರಪ್ಪ. ಅಲ್ಲಿಗೆ ಸುಯ್ ಎಂದು ಚಿತ್ರ, ಧ್ವನಿ ಎರಡೂ ಹೋದವು.

“ಅಯ್ಯಯ್ಯೋ, ಹೋತಲ್ಲೋ! ಬಂದಿತ್ತೋ ಹಸನಾ!”

ಮಾಳಿಗೆಯ ಮೇಲೆ ಅವನು ಪೈಪನ್ನು ಮತ್ತೆ ತಿರುಗಿಸತೊಡಗಿದ. ಎರಡು ಬೆರಳು ಹಿಂದಕ್ಕೆ, ಒಂದು ಮುಂದಕ್ಕೆ, ಅರ್ಧ ಹಿಂದಕ್ಕೆ. ಆ ಜಾಗ ಸಿಗಲಿಲ್ಲ. ಸಿಕ್ಕಾಗ ಟೀವಿಯಲ್ಲಿ ಎಮ್ಮೆಯೊಂದು ನಿಂತಿತ್ತು. ಬಹಳ ಸ್ವಚ್ಛವಾಗಿ ಕಾಣುತ್ತಿತ್ತು.

ಮತ್ತೊಮ್ಮೆ ತೋರಿಸಿ ಎಂದು ಕೇಳಬಹುದೆಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಟೀವಿಯಲ್ಲಿ ಬಂದುಹೋದದ್ದು ಆಕಾಶದಲ್ಲಿ ಬಂದುಹೋದ ಮಿಂಚಿನ ಹಾಗೆ. ಅನ್ನದಾನಮ್ಮ ಬೈದಿದ್ದರೆ ಹಸನ್ ಸಾಬ್ ಬದುಕಿಕೊಳ್ಳುತ್ತಿದ್ದ. ಆಕೆ ಏಣಿಯ ಬುಡಕ್ಕೆ ಬಂದು, “ಗಾಳ್ಯಾಗ ನಿಂತೀಯಲ್ಲ, ಇಳಿ ತಮ್ಮಾ,” ಎಂದಳು ಅಷ್ಟೇ.

ಅಂದಿನಿಂದ ಹಸನ್ ಸಾಬ್ ಒಂದು ಹುಚ್ಚು ಹಿಡಿಸಿಕೊಂಡ. ಐದು ತಾಲೂಕಿನಲ್ಲಿ ತಾನು ಕಟ್ಟಿದ ಆಂಟೆನಾಗಳಿಗೆ ಲೆಕ್ಕವಿಲ್ಲ. ಯಾರಾದರೊಬ್ಬರು ಆ ಸಂಜೆ ಆ ಮಾತು ಕೇಳಿರಲೇಬೇಕು. ಸೈಕಲ್ ಹತ್ತಿ ಮನೆಮನೆಗೆ ಹೋಗಿ ಕೇಳಿದ. ಕೂಡ್ಲಿಗಿಯಲ್ಲಿ ಅವತ್ತು ಕರೆಂಟಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಕರೆಂಟಿತ್ತು, ಆದರೆ ರೈತರ ಕಾರ್ಯಕ್ರಮ ಬಂದರೆ ರೈತರೇ ಎದ್ದು ಹೋಗುತ್ತಿದ್ದರು. ನೀಲಗುಂದದ ಗುರುಸಂಗಪ್ಪ ನೋಡಿದ್ದ, ಆದರೆ ಅವನಿಗೆ ಎಮ್ಮೆ ಮಾತ್ರ ನೆನಪಿತ್ತು. ಸೈಕಲ್ಲಿನ ಟೈರು ಹನ್ನೊಂದು ಸಲ ಸವೆಯಿತು. ಹಮೀದಾ ಬೀ ಹೇಳುವಂತೆ ಎರಡು ಸಲ.

ಎಂಟು ತಿಂಗಳ ಮೇಲೆ ಹಿರೇಹಡಗಲಿಯಲ್ಲಿ ಹಿಟ್ಟಿನ ಗಿರಣಿಯ ಬೊಮ್ಮಯ್ಯ ಸಿಕ್ಕ.

“ರುಮಾಲಿನ ಹಿರೇರಾ? ಹ್ಞೂಂ ನೋಡ್ರಿ, ನೋಡೀವಿ! ಯಾರು ಕಲಿಸಿದ್ರು ಅಂತ ಕೇಳಿದ್ರು. ಅದಕ್ಕ ಅವರು ಹೆಂಡ್ತಿ ಬಗ್ಗೆ ಏನೋ ಅಂದ್ರು. ನಾವೆಲ್ಲಾ ಹೊಟ್ಟಿ ಹಿಡಕೊಂಡು ನಕ್ಕಿವಿ.”

“ಏನಂದ್ರು? ಬೊಮ್ಮಯ್ಯಾರ, ಏನಂದ್ರು?”

“ಏನೋ ಅಂದ್ರಪಾ... ನಕ್ಕಿದ್ದು ಅಷ್ಟ ನೆನಪೈತಿ. ಹ್ಞಾಂ, ಅಂದು ಟವಲ್ಲು ಬಾಯಿಗೆ ಅಡ್ಡ ಹಿಡಕೊಂಡು ಅವರೂ ನಕ್ಕರು, ನಾಚಿಕೊಂಡಂಗ.”

ಸಿಕ್ಕದ್ದು ಇಷ್ಟು. ಇಷ್ಟನ್ನೇ ತೆಗೆದುಕೊಂಡು ಬಂದಿದ್ದರೆ ಆಗುತ್ತಿತ್ತು. ಆದರೆ ಹಸನ್ ಸಾಬ್ ಒಂದಕ್ಕೆ ಹತ್ತು ಸೇರಿಸದೆ ನೀರು ಕುಡಿದವನಲ್ಲ. ಎಂಟು ತಿಂಗಳು ಅಲೆದು ಬರೀ ನಗು ಒಯ್ದು ಕೊಡುವುದೇ? ಹಿರೇಹಡಗಲಿಯಿಂದ ಕೊಟ್ಟೂರಿನವರೆಗೂ ಪೆಡಲು ತುಳಿಯುತ್ತ ಒಂದು ಮಾತು ಕಟ್ಟಿದ, ಒರೆಸಿದ, ಹೊಳಪು ಕೊಟ್ಟ.

ಅನ್ನದಾನಮ್ಮ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

“ಅಕ್ಕಾರ, ಸಿಕ್ತು!”

ಅವಳ ಕೈ ನಿಂತಿತು. “ಏನಂದ್ರಂತ?”

“‘ಬೀಜ ಕಾದದ್ದು ನಾನಲ್ಲ, ನನ್ನ ಅನ್ನದಾನಮ್ಮ. ಅಕಿ ಇಲ್ಲದಿದ್ರ ನನ್ನ ಹೊಲಾನೂ ಬಂಜರು, ನನ್ನ ಬಾಳೂ ಬಂಜರು’ ಅಂದ್ರಂತ ನೋಡ್ರಿ.”

ಆಕೆ ಅವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಅವರೆಕಾಯಿ ಮತ್ತೆ ಸುಲಿಯತೊಡಗಿದಳು.

“ಮೂವತ್ತೆಂಟು ವರ್ಷ ಬಾಳ್ವಿ ಮಾಡೀನಿ, ತಮ್ಮಾ. ಒಂದು ದಿನಾನೂ ನನ್ನ ಹೆಸರು ಹಿಡಿದು ಕರದವರಲ್ಲ. ‘ಏ, ಇಲ್ಲಿ ಕೇಳು’ ಅನ್ನೋರು. ಮಂದಿ ಮುಂದ ಅಂತಾರೇನು?”

“ತಪ್ಪಾತು ಅಕ್ಕಾರ. ಆ ಮಾತು ನಾ ಕಟ್ಟಿದ್ದು. ಆದ್ರ ಇದು ಖರೇ ಐತಿ, ಅಲ್ಲಾನ ಆಣೆ. ನಿಮ್ಮ ಬಗ್ಗೆ ಏನೋ ಅಂದ್ರಂತ, ಎಲ್ಲಾರೂ ನಕ್ಕರಂತ. ಅಂದು, ಟವಲ್ಲು ಬಾಯಿಗೆ ಅಡ್ಡ ಹಿಡಕೊಂಡು ಅವರೂ ನಕ್ಕರಂತ.”

ಒಂದು ಕ್ಷಣ ಅವಳ ಮುಖ ಅರಳಿದ್ದನ್ನು ಅವನು ನೋಡಿದ. ಅದು ನಿಲ್ಲಲಿಲ್ಲ.

“ಅವರು ಟವಲ್ಲು ಅಡ್ಡ ಹಿಡದು ನಗೋದು ಊರೆಲ್ಲಾ ನೋಡೈತಿ,” ಎಂದಳು. “ನೀನೂ ನೋಡೀದಿ.”

“ಇದನ್ನ ಹೇಳಿದ ಗಿರಣಿ ಬೊಮ್ಮಯ್ಯನ್ನ ಕರಕೊಂಡ್ ಬರ್ಲೇನ್ರಿ?”

“ಬ್ಯಾಡ. ಅವಗ ನೀ ಹೇಳಿಕೊಟ್ಟೀದಿ ಅನಸ್ತೈತಿ ನನಗ. ನಿನ್ನ ಬೈಯಾಕತ್ತಿಲ್ಲ, ತಮ್ಮಾ. ಕೂಡು, ಛಾ ಮಾಡ್ತೀನಿ.”

ಆಕೆ ಒಳಗೆ ಹೋದಳು. ಎರಡು ಮಾತನ್ನು ಹಿಂದುಮುಂದಾಗಿ ಹೇಳಿದ್ದರೆ ಸಾಕಿತ್ತು ಎಂದುಕೊಳ್ಳುತ್ತ ಹಸನ್ ಸಾಬ್ ಕೂತಿದ್ದ. ನಗುವನ್ನು ಮೊದಲು ಕೊಟ್ಟು ಬಾಯಿ ಮುಚ್ಚಿಕೊಂಡಿದ್ದರೆ, ಆಡಿದ ಮಾತನ್ನು ಆಕೆಯೇ ಕಂಡುಕೊಳ್ಳುತ್ತಿದ್ದಳೋ ಏನೋ. ಛಾ ಬಂತು. ಆಕೆ ಹಮೀದಾ ಬೀಯ ಮೊಣಕಾಲು ನೋವು ವಿಚಾರಿಸಿದಳು. ಅವನು ಹ್ಞೂಂ ಅಂದ.

ಎರಡು ಸಾವಿರದ ಆರರ ಹೊತ್ತಿಗೆ ಊರಿಗೆಲ್ಲ ಡಿಶ್ ಬಂದು ಆಂಟೆನಾಗಳು ಕಾಗೆಗಳ ಪಾಲಾದವು. ಅನ್ನದಾನಮ್ಮನೂ ಒಂದು ಡಿಶ್ ತರಿಸಿದಳು. ಕಟ್ಟಲು ಹಸನ್ ಸಾಬನೇ ಬರಬೇಕೆಂದು, ಬೇರೆಯವರು ಬಂದರೆ ಹಿಂದಕ್ಕೆ ಕಳಿಸಿ, ಮೂರು ಸಲ ಹೇಳಿ ಕಳಿಸಿದಳು. ಆ ಮಾಳಿಗೆ ಮತ್ತೆ ಹತ್ತಲಾರದೆ ಅವನು ಮೈ ಹುಷಾರಿಲ್ಲವೆಂದು ಮೂರು ಸಲವೂ ಬೇರೆಯವರನ್ನು ಕಳಿಸಿದ.